ಅವ್ವ ಮಾತು ಬಿಟ್ಟ ಹನ್ನೊಂದು ದಿನ

ಮಳೆಗಾಲದಲ್ಲಿ ನಮ್ಮ ಶಾಲೆಯ ಬಾಗಿಲಿಗೆ ಕಾಲೊರೆಸಲು ಒಂದು ಗೋಣಿಚೀಲ ಹಾಸುತ್ತಾರೆ. ಮೂರು ದಿನ ಬಿಡದೆ ಮಳೆ ಹಿಡಿದರೆ ಆ ಚೀಲ ಒಣಗುವುದೇ ಇಲ್ಲ, ಅದರಿಂದ ಒಂದು ಮುಗ್ಗಲು ವಾಸನೆ ಏಳುತ್ತದೆ. ಉಳಿದ ಶಿಕ್ಷಕರು ಮೂಗು ಹಿಡಿದುಕೊಂಡು ದಾಟಿ ಹೋಗುತ್ತಾರೆ. ನಾನು ಮಾತ್ರ ಹಾಜರಿ ಪುಸ್ತಕ ಎದೆಗೆ ಒತ್ತಿಕೊಂಡು ಅಲ್ಲಿ ಒಂದು ಗಳಿಗೆ ನಿಂತೇ ನಿಲ್ಲುತ್ತೇನೆ. ಬೀಡಿ ಎಲೆಯನ್ನು ನೆನೆಸಿ, ನೀರು ಬಸಿದು, ಹಸಿ ಗೋಣಿಯಲ್ಲಿ ಸುತ್ತಿಟ್ಟಾಗ ನಮ್ಮ ಮನೆ ತುಂಬ ಬರುತ್ತಿದ್ದ ವಾಸನೆ ಅದೇ. ನಿಮಗೆ ನಿಮ್ಮ ಮನೆ ಒಗ್ಗರಣೆಯ ಘಮಕ್ಕೋ ಊದುಬತ್ತಿಯ ಹೊಗೆಗೋ ನೆನಪಾಗುತ್ತಿರಬಹುದು, ನಿಮ್ಮ ಪುಣ್ಯ. ನನ್ನ ಮನೆ ಬರುವುದು ಕಾಲೊರೆಸುವ ಗೋಣಿಯಿಂದ. ನಿಪ್ಪಾಣಿಯಲ್ಲಿ ಆ ಮನೆ ಇದ್ದ ಜಾಗದಲ್ಲಿ ಈಗ ಮೋಟಾರ್ ಸೈಕಲ್ ರಿಪೇರಿ ಮಾಡುತ್ತಾರೆ, ಅಲ್ಲಿದ್ದ ಮೂವರಲ್ಲಿ ಉಳಿದವಳು ನಾನೊಬ್ಬಳೇ. ವಾಸನೆ ಬಂದಾಗಲೆಲ್ಲ ಅದರ ಹಿಂದೆಯೇ ನಾಚಿಕೆಯೂ ಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಬಂದ ದಿನವನ್ನು ನಾನು ಕಂಡಿಲ್ಲ.

ಆ ಓಣಿಯಲ್ಲಿ ಗಂಡಸರು ದಿನಕ್ಕೊಂದು ಕಡೆ ದುಡಿಯುತ್ತಿದ್ದರು, ಹೆಂಗಸರೆಲ್ಲ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದರು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಹಿಂದಿನದರಲ್ಲಿ ಒಲೆ, ಮುಂದಿನದರಲ್ಲಿ ಉಳಿದದ್ದೆಲ್ಲ. ಅವ್ವ ಚಿಕ್ಕೋಡಿ ಕಡೆಯ ಕಬ್ಬೂರಿನವಳು, ಬಂದು ಬಿದ್ದದ್ದು ಪೂರ್ತಿ ಮರಾಠಿ ಮಾತಾಡುವ ಓಣಿಗೆ. ಅಂಗಡಿಗೆ ಹೋಗಿ ಬರುವಷ್ಟು ಮರಾಠಿ ಅವಳಿಗೂ ಬರುತ್ತಿತ್ತು. ಆದರೆ ಸಿಟ್ಟು ಬಂದಾಗ, ಅಳು ಬಂದಾಗ, ದೇವರ ಹತ್ತಿರ ಏನಾದರೂ ಬೇಡುವಾಗ ಅವಳಿಗೆ ಕನ್ನಡವೇ ಬೇಕಿತ್ತು. ತಾನು ಒಂದಕ್ಷರ ಕಲಿಯದಿದ್ದರೂ ಹಟ ಹಿಡಿದು ನನ್ನನ್ನು ಕನ್ನಡ ಶಾಲೆಗೆ ಹಾಕಿದವಳು ಅವಳೇ. ಅಪ್ಪ ಮಾಡಿಗೆ ತಗಡಿನ ಪತ್ರಾ ಹೊದಿಸುವ ಕೆಲಸದವನು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಬೋರಗಾಂವದಲ್ಲಿ ಮಗ್ಗದ ಶೆಡ್ಡೊಂದಕ್ಕೆ ಪತ್ರಾ ಹಾಕಲು ಹತ್ತಿದವನು ಕಾಲು ಜಾರಿ ಬಿದ್ದ. ಮಿರಜಿನ ದೊಡ್ಡ ದವಾಖಾನೆಯಲ್ಲಿ ಒಂದೂವರೆ ತಿಂಗಳು ಇದ್ದು ಬಂದರೂ ಸೊಂಟದ ಕೆಳಗೆ ಜೀವ ಬರಲಿಲ್ಲ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಹೊರಸು ಹಾಕಿ ಅವನನ್ನು ಮಲಗಿಸಿದೆವು. ನೋಡಲು ಬಂದವರು ಅಳುಮೋರೆ ಮಾಡಿದರೆ, "ನನ್ನ ಕಾಲ ಬೋರಗಾಂವದಾಗ ಬಿಟ್ಟ ಬಂದೀನಿ, ಆ ಕಡೆ ಯಾರರೆ ಹೊಂಟ್ರ ತಗೊಂಡ ಬರ್ರಿ" ಎಂದು ಅವರನ್ನೇ ನಗಿಸಿ ಕಳಿಸುತ್ತಿದ್ದ. ಅವರು ಹೋದ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದ.

ಅವ್ವ ಪ್ರಾರ್ಥನೆಗೆ ಹೋಗತೊಡಗಿದ್ದು ಅದೇ ವರ್ಷ. ಕರೆದುಕೊಂಡು ಹೋದವಳು ಪಕ್ಕದ ಮನೆಯ ಸುಶೀಲಾ ಮಾವಶಿ, ಅವಳೂ ಬೀಡಿ ಕಟ್ಟುವವಳೇ. ಬಾ ಎಂದು ಬಹಳವೇನೂ ಒತ್ತಾಯ ಮಾಡಲಿಲ್ಲ, ಒಂದು ತಾಸು ಕೂತು ಎದ್ದು ಬಾ ಎಂದಳಷ್ಟೇ. ಊರ ಹೊರಗೆ ಪತ್ರಾ ಶೆಡ್ಡಿನಲ್ಲಿ ಭಾನುವಾರ ಮುಂಜಾನೆ ಮೂವತ್ತು ನಲವತ್ತು ಜನ ಚಾಪೆಯ ಮೇಲೆ ಕೂತು ಮರಾಠಿಯಲ್ಲಿ ಹಾಡಿ, ಮರಾಠಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಮೊದಲ ಸಲ ಹೋಗಿ ಬಂದ ಅವ್ವ ಅಪ್ಪನಿಗೆ ಊಟ ಮಾಡಿಸಿ, ನೆಲಕ್ಕೆ ಸೆರಗು ಹಾಸಿಕೊಂಡು ಒಂದು ತಾಸು ನಿದ್ದೆ ಮಾಡಿದಳು. ಅಪ್ಪ ಬಿದ್ದ ಮೇಲೆ ಅವಳು ಹಗಲು ಕಣ್ಣು ಮುಚ್ಚಿದ್ದನ್ನೇ ನಾನು ನೋಡಿರಲಿಲ್ಲ. ಎದ್ದ ಮೇಲೆ ಅಪ್ಪ, "ಏನ ಹೇಳಿದ್ರು ಅಲ್ಲಿ?" ಎಂದು ಕೇಳಿದ. "ಪೂರಾ ತಿಳೀಲಿಲ್ಲರಿ. ಆದ್ರ ನನ್ನ ಹೆಸರ ತಗೊಂಡ ಯೇಸುಸ್ವಾಮಿ ಹತ್ರ ಬೇಡಿಕೊಂಡ್ರು. ಇಲ್ಲೀತನಕ ನನ್ನ ಸಲುವಾಗಿ ಯಾರೂ ಬೇಡಿಕೊಂಡಿರಲಿಲ್ಲ" ಎಂದಳು. ಅಪ್ಪನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಆದರೆ ಅವಳು ನಿದ್ದೆ ಮಾಡಿದ್ದನ್ನು ಅವನೂ ನೋಡಿದ್ದ. ಅವ್ವ ಹಣೆಯ ಕುಂಕುಮ ಬಿಡಲಿಲ್ಲ, ಬಿಡು ಎಂದು ಅಲ್ಲಿ ಯಾರೂ ಅನ್ನಲೂ ಇಲ್ಲ. ನನಗೆ ಮಾತ್ರ ಶಾಲೆಯಲ್ಲಿ ಗೆಳತಿಯರ ಮುಂದೆ ತಲೆ ಎತ್ತಲಾಗದಂತಾಗಿತ್ತು. ಭಾನುವಾರ ನಿಮ್ಮವ್ವ ಎಲ್ಲಿಗೆ ಹೋಗುತ್ತಾಳೆ ಎಂದರೆ ಸಂತೆಗೆ ಎನ್ನುತ್ತಿದ್ದೆ.

ಸ್ವಲ್ಪ ದಿನಕ್ಕೆ ಮಾವಶಿ ಪ್ರಾರ್ಥನೆಯಲ್ಲಿ ಓದುವ ಪುಸ್ತಕದ ಒಂದು ಹಳೆಯ ಕನ್ನಡದ ಪ್ರತಿಯನ್ನು ಎಲ್ಲಿಂದಲೋ ತರಿಸಿಕೊಟ್ಟಳು. ಅವ್ವನ ಬಾಯಲ್ಲಿ ಅದು "ದೇವರ ಪುಸ್ತಕ". ಕಪ್ಪು ರಟ್ಟು, ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ. ಅವ್ವ ಅದನ್ನು ನನ್ನ ಹಳೆಯ ಲಂಗದ ತುಂಡಿನಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿ ಇಟ್ಟಳು. ಓದಬೇಕಾದವಳು ನಾನು. ಶಾಲೆಯಿಂದ ಬಂದು ಚಹಾ ಕುಡಿದ ಮೇಲೆ ಕೂರಬೇಕು. ಅವ್ವ ಗೋಡೆಗೆ ಒರಗಿ ಕಾಲು ಚಾಚಿ, ತೊಡೆಯ ಮೇಲೆ ಮೊರ ಇಟ್ಟುಕೊಳ್ಳುತ್ತಿದ್ದಳು. ಮೊರದ ಒಂದು ಬದಿಗೆ ಅಳತೆಗೆ ಕತ್ತರಿಸಿದ ಎಲೆ, ಇನ್ನೊಂದು ಬದಿಗೆ ತಂಬಾಕಿನ ಪುಡಿ. ಎಲೆ ತೆಗೆದು, ಚಿಟಿಕೆ ಪುಡಿ ಹಾಕಿ, ಸುತ್ತಿ, ತುದಿ ಮಡಚಿ, ದಾರ ಕಟ್ಟಿ ಬದಿಗಿಡುವ ಹೊತ್ತಿಗೆ ಇನ್ನೊಂದು ಎಲೆ ಕೈಗೆ ಬಂದಿರುತ್ತಿತ್ತು. ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ, ಹಾಗಾಗಿ ನನ್ನ ಓದಿಗೂ ಬೀಡಿಯದೇ ಅಳತೆ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. "ನಾಕ ಕಟ್ಟ ಆಗೂತನಕ ಓದ ರೂಪಿ, ಆಮ್ಯಾಲ ಆಡಾಕ ಹೋಗು" ಎನ್ನುತ್ತಿದ್ದಳು. ಹೊರಗೆ ಗೆಳತಿಯರು ಕುಂಟಾಬಿಲ್ಲೆಯ ಗೆರೆ ಎಳೆದು ನನ್ನ ಹೆಸರು ಕೂಗುತ್ತಿದ್ದರು. ನಾನು ಎಷ್ಟು ಗಡಿಬಿಡಿಯಿಂದ ಓದಿದರೂ ಏನೂ ಉಪಯೋಗವಿರಲಿಲ್ಲ, ಅವಳ ಕೈ ಓಡಿದರೆ ಮಾತ್ರ ನನಗೆ ಬಿಡುಗಡೆ.

ಆ ಕೈಯ ಗುಟ್ಟು ನನಗೆ ಬೇಗ ತಿಳಿಯಿತು. ಪುಸ್ತಕದಲ್ಲಿ ಅಳುವವರ ಮಾತು ಬಂದರೆ, ಮಕ್ಕಳನ್ನು ಕಳೆದುಕೊಂಡವರೋ ಊರು ಬಿಟ್ಟು ಹೋದವರೋ ಬಂದರೆ, ಅವ್ವನ ಕೈ ನಿಂತುಬಿಡುತ್ತಿತ್ತು. ಅರ್ಧ ಸುತ್ತಿದ ಬೀಡಿ ಬೆರಳಲ್ಲೇ ಇರುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು, ಒಂದು ಕಟ್ಟು ಆಗುವುದರಲ್ಲಿ ಬಿಸಿಲು ಅಂಗಳ ದಾಟಿ ಹೋಗುತ್ತಿತ್ತು. ಅದೇ, ಅಂಜಬೇಡ, ನಾನಿದ್ದೇನೆ ಎನ್ನುವಂಥ ಮಾತು ಬಂದರೆ ಅವಳ ಬೆರಳಿಗೆ ಹುರುಪು ಬರುತ್ತಿತ್ತು. ಇಷ್ಟು ಗೊತ್ತಾದ ಮೇಲೆ ನಾನು ಸುಮ್ಮನಿರುವವಳೇ? ದುಃಖದ ಭಾಗ ಬಂದರೆ ಎರಡೆರಡು ಹಾಳೆ ಒಟ್ಟಿಗೆ ಮಗುಚತೊಡಗಿದೆ. ಆಮೇಲೆ ಅದೂ ಸಾಲದಾಗಿ, ನಾನೇ ಒಂದೊಂದು ಸಮಾಧಾನದ ಮಾತು ಕಟ್ಟಿ ನಡುವೆ ಸೇರಿಸತೊಡಗಿದೆ. ಪುಸ್ತಕದ ಕನ್ನಡ ನನ್ನ ಕಿವಿಗೆ ಹತ್ತಿತ್ತು, ಅದರ ಧಾಟಿಯಲ್ಲೇ ಹೇಳಲು ಕಷ್ಟವಾಗುತ್ತಿರಲಿಲ್ಲ. ಅದರ ಮೇಲೆ ಹೊರಗೆ ನಾಲ್ಕು ಹುಡುಗಿಯರು ಕೂಗುತ್ತಿರುವಾಗ ಬುದ್ಧಿ ಇನ್ನಷ್ಟು ಚುರುಕಾಗುತ್ತದೆ. ಒಂದು ದಿನ ಹೀಗೆ ಓದಿದೆ: "ಬಿದ್ದವನು ಬಿದ್ದಲ್ಲಿಯೇ ಇರನು, ಅವನು ತನ್ನ ಮನೆಯ ಹೊಸ್ತಿಲನ್ನು ತನ್ನ ಕಾಲಿನಿಂದಲೇ ದಾಟುವನು."

ಅವ್ವನ ಕೈ ಓಡಲಿಲ್ಲ, ನಿಂತಿತು. ಮೊರವನ್ನು ಕೆಳಗಿಟ್ಟು ನನ್ನ ಹತ್ತಿರ ಸರಿದು ಬಂದಳು. "ಹಂಗ ಬರದೈತೇನ?" ಎಂದಳು. "ಹೌದು, ಬರದೈತಿ" ಎಂದೆ. "ಇನ್ನೊಮ್ಮೆ ಓದು." ಓದಿದೆ. ಅವಳು ಅದನ್ನು ನಾಲ್ಕು ಸಲ ಹೇಳಿಸಿ ಬಾಯಿಪಾಠ ಮಾಡಿಕೊಂಡಳು. ಆಮೇಲೆ ಹೊರಸಿನ ಕಡೆ ನೋಡಿದಳು, ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆ ಸಂಜೆ ನನಗೆ ಆಟ ಸಿಗಲಿಲ್ಲ, ಆದರೆ ಮರುದಿನದಿಂದ ಅವ್ವ ಬೇರೆಯೇ ಆದಳು. ಡಾಕ್ಟರು ಏನೇ ಹೇಳಿರಲಿ, ಪುಸ್ತಕದಲ್ಲಿ ಬರೆದಿದೆ. ಅಪ್ಪನ ಮೈ ತೊಳೆಯುವಾಗ, ಹೊರಳಿಸಿ ಮಲಗಿಸುವಾಗ, ಜೀವವಿಲ್ಲದ ಆ ಕಾಲಿಗೆ ಎಣ್ಣೆ ತಿಕ್ಕುವಾಗ ಅದನ್ನೇ ಹಾಡಿನಂತೆ ಗುನುಗುತ್ತಿದ್ದಳು. ಕಾರ್ಖಾನೆಯವರು ಬೀಡಿ ಸರಿಯಿಲ್ಲವೆಂದು ಒಂದು ಪಾಲು ತೆಗೆದು ಎಸೆದ ದಿನವೂ ಮನೆಗೆ ಬಂದು ಅಳಲಿಲ್ಲ. ಅಷ್ಟು ಶಾಂತವಾದ ಅವ್ವನನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಹೇಳಬೇಕೆಂದು ಎಷ್ಟೋ ಸಲ ಬಾಯಿಯ ತನಕ ಬಂತು. ಹೇಳಿದರೆ ಹೊಡೆಯುತ್ತಾಳೆ ಎಂಬ ಹೆದರಿಕೆಗಿಂತ, ಮತ್ತೆ ಮೊದಲಿನ ಹಾಗೆ ಆಗಿಬಿಡುತ್ತಾಳೆ ಎಂಬ ಹೆದರಿಕೆ ದೊಡ್ಡದಿತ್ತು ಎಂದು ಬರೆಯಲು ನನಗೆ ಆಸೆ. ನಿಜವೆಂದರೆ ಹೊಡೆತದ ಹೆದರಿಕೆಯೇ ದೊಡ್ಡದಿತ್ತು.

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಹಾಡು ಮುಗಿದ ಮೇಲೆ, ದೇವರು ತಮಗೆ ಏನು ಮಾಡಿದ ಎಂದು ಹೇಳಬೇಕೆನಿಸಿದವರು ಎದ್ದು ನಿಂತು ಹೇಳುವುದು. ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತಿದ್ದರು. ಒಂದು ಭಾನುವಾರ ಅವ್ವ ಎದ್ದು ನಿಂತು, ತನ್ನ ಕನ್ನಡದಲ್ಲಿ, ಆ ಮಾತು ತನಗೆ ಹೇಗೆ ಧೈರ್ಯ ಕೊಟ್ಟಿತು ಎಂದು ಹೇಳಿದಳಂತೆ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರಂತೆ. ಪಾಸ್ಟರ್ ಒಬ್ಬ ವಯಸ್ಸಾದ ಸಣಕಲು ಮನುಷ್ಯ, ಕನ್ನಡ ಮಾತಾಡುತ್ತಿದ್ದರು, ಆದರೆ ಓದಲು ಬರುತ್ತಿದ್ದುದು ಮರಾಠಿ ಮಾತ್ರ. ಆ ಮಾತಿನ ಮೇಲೆ ಮುಂದೊಂದು ವಾರ ಉಪದೇಶ ಮಾಡುತ್ತೇನೆ, ಯಾವ ಅಧ್ಯಾಯವೆಂದು ತೋರಿಸಿದರೆ ಮರಾಠಿಯಲ್ಲಿ ಹುಡುಕಿಕೊಳ್ಳುತ್ತೇನೆ ಎಂದರು. ಅವ್ವ ಮನೆಗೆ ಬಂದವಳು ಹೆಮ್ಮೆಯಿಂದ, "ಮುಂದಿನ ಐತವಾರ ಪಾಸ್ಟರ್ ನಮ್ಮನಿಗೆ ಚಹಾಕ್ಕ ಬರತಾರ. ಆ ಮಾತ ಎಲ್ಲೈತಿ ಅಂತ ನೀ ಅವರಿಗೆ ತೋರಸಬೇಕು" ಎಂದಳು. ಆ ಏಳು ದಿನ ನನಗೆ ಅನ್ನ ಸೇರಲಿಲ್ಲ. ಅವ್ವ ಅದನ್ನು ಜ್ವರ ಎಂದು ತಿಳಿದು ಹಣೆಗೆ ಒದ್ದೆ ಬಟ್ಟೆ ಹಾಕಿದಳು.

ಶನಿವಾರ ಮಧ್ಯಾಹ್ನ ಅವ್ವ ಬೀಡಿ ಕೊಟ್ಟು ಬರಲು ಹೋಗಿದ್ದಳು. ಅಪ್ಪ ಕಣ್ಣು ಮುಚ್ಚಿ ಮಲಗಿದ್ದ. ನಾನು ಗೂಡಿನಿಂದ ಪುಸ್ತಕ ತೆಗೆದು, ನಡುವೆ ಎಲ್ಲಿಯೋ ತೆರೆದು, ಒಂದು ಹಾಳೆಯನ್ನು ಬುಡದಿಂದ ಹರಿದೆ. ತೆಳು ಹಾಳೆಯಾದರೂ ಸದ್ದು ಕೋಣೆ ತುಂಬ ಕೇಳಿದಂತಾಯಿತು. ಅದರಲ್ಲಿ ಏನಿತ್ತೆಂದು ಓದಲೂ ಇಲ್ಲ. ಒಲೆಯಲ್ಲಿ ಕೆಂಡ ಇತ್ತು, ಹಾಕಿದೆ. ಪುಸ್ತಕವನ್ನು ಲಂಗದ ತುಂಡಿನಲ್ಲಿ ಮೊದಲಿನ ಹಾಗೆಯೇ ಸುತ್ತಿಟ್ಟು ಹೊರಗೆ ಹೋಗಿ ಕೂತೆ.

ಭಾನುವಾರ ಪಾಸ್ಟರ್ ಬಂದರು, ಅವರ ಜೊತೆ ಸುಶೀಲಾ ಮಾವಶಿ. ಅವ್ವ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟಳು. ನಾನು ತೆರೆದು, ಹರಿದ ಜಾಗ ತೋರಿಸಿ, "ಇಲ್ಲೇ ಇತ್ತರಿ, ಹಾಳಿ ಹೋಗೈತಿ" ಎಂದೆ. ಅವ್ವನ ಮುಖ ನೋಡಲಾಗಲಿಲ್ಲ. "ಹೋಗೈತಿ ಅಂದ್ರ? ಯಾರ ಹರದ್ರು?" ಎಂದಳು. ಇಲಿ ಕಡಿಯಿತು ಎನ್ನಬೇಕೆಂದು ಇಡೀ ವಾರ ಯೋಚಿಸಿ ಇಟ್ಟುಕೊಂಡಿದ್ದೆ. ಆದರೆ ಹರಿದ ಅಂಚು ಅಷ್ಟು ನೆಟ್ಟಗಿದ್ದುದು ಆಗ ನನ್ನ ಕಣ್ಣಿಗೆ ಬಿತ್ತು, ಇಲಿಯ ಮಾತು ನಡೆಯುವಂತಿರಲಿಲ್ಲ. ಅಪ್ಪ ತನ್ನ ತಂಬಾಕಿನ ಚಿಟಿಕೆಯನ್ನು ಕಾಗದದ ಚೂರಿನಲ್ಲಿ ಮಡಚಿ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದ. "ಅಪ್ಪ ತಂಬಾಕ ಕಟ್ಟಾಕ ಹರಕೊಂಡಾನ" ಎಂದೆ. ಗೂಡು ಹೊರಸಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು, ಮಾತು ನಂಬುವಂತಿತ್ತು. ಎಲ್ಲರೂ ಹೊರಸಿನ ಕಡೆ ತಿರುಗಿದರು. ಅಪ್ಪ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ, ಅಷ್ಟು ಹೊತ್ತು ನೋಡಲೂ ಇಲ್ಲ. ಹಿಂದಿನ ದಿನ ಅವನಿಗೆ ನಿದ್ದೆ ಹತ್ತಿರಲಿಲ್ಲ ಎಂದು ಆ ನೋಟದಿಂದ ನನಗೆ ಗೊತ್ತಾಯಿತು. "ಹೌದು, ನಾನ ಹರದೀನಿ" ಎಂದ. "ಬ್ಯಾರೆ ಹಾಳಿ ಸಿಗಲಿಲ್ಲ."

ಪಾಸ್ಟರ್ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಹರಿದ ಹಾಳೆಯ ಹಿಂದಿನ ಪುಟದಲ್ಲಿ, ಮುಂದಿನ ಪುಟದಲ್ಲಿ ಯಾವ ಅಧ್ಯಾಯ, ಎಷ್ಟನೆಯ ವಚನ ಇದೆ ಎಂದು ನನ್ನಿಂದ ಓದಿಸಿದರು. ತಮ್ಮ ಮರಾಠಿ ಪುಸ್ತಕದಲ್ಲಿ ಆ ಜಾಗ ತೆಗೆದು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಎರಡು ಪುಟ ಓದಿದರು. ನಾನು ನೆಲ ನೋಡುತ್ತಿದ್ದೆ. ಅವರು ಪುಸ್ತಕ ಮುಚ್ಚಿ, ತಣ್ಣಗಾಗಿದ್ದ ಚಹಾ ಕುಡಿದು, "ಇರಲಿ ಅಕ್ಕಾರ. ಹಾಳಿ ಹೋದ್ರ ಹೋಗ್ಲಿ, ನಿಮ್ಮ ಮನಸಿನಾಗ ಉಳದೈತಲ್ಲ" ಎಂದರು. ಆ ಮಾತಿನ ಮೇಲೆ ಅವರು ಎಂದೂ ಉಪದೇಶ ಮಾಡಲಿಲ್ಲ. ಹೀಗೆ ಆ ಕೋಣೆಯಲ್ಲಿ ಇಬ್ಬರು ಗಂಡಸರು ನನ್ನ ತಪ್ಪನ್ನು ನೋಡಿಯೂ ಮುಚ್ಚಿದರು. ನೋಡದೆ ಉಳಿದವಳು ಅವ್ವ ಒಬ್ಬಳೇ.

ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಕೆಲಸ ಯಾವುದನ್ನೂ ಬಿಡಲಿಲ್ಲ. ಮೈ ತೊಳೆದಳು, ಬಟ್ಟೆ ಬದಲಿಸಿದಳು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸಿದಳು, ಕಾಲಿಗೆ ಎಣ್ಣೆಯನ್ನೂ ತಿಕ್ಕಿದಳು. ಆದರೆ ಬಾಯಿ ತೆರೆಯಲಿಲ್ಲ. ಅಪ್ಪ ಮೊದಮೊದಲು ಏನಾದರೂ ತಮಾಷೆ ಮಾಡಿ ನೋಡಿದ, ಆಮೇಲೆ ಅವನೂ ಸುಮ್ಮನಾದ. ಮನೆಯಲ್ಲಿ ದಾರ ಹರಿಯುವ ಸದ್ದು, ಕತ್ತರಿಯ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ನನ್ನ ಓದೂ ನಿಂತಿತ್ತು, ಪುಸ್ತಕ ಗೂಡಿನಿಂದ ಇಳಿಯಲೇ ಇಲ್ಲ. ದಿನಾ ಸಂಜೆ ನಾನು ಆಡಲು ಹೋಗುತ್ತಿದ್ದೆ. ನಾನು ಬಯಸಿದ್ದು ನನಗೆ ಸಿಕ್ಕಿತ್ತು. ಗೆರೆಯ ಮೇಲೆ ಕಾಲಿಟ್ಟು ಔಟಾಗಿ, ಕಟ್ಟೆಯ ಮೇಲೆ ಕೂತು ನಮ್ಮ ಮನೆಯ ಕಿಟಕಿ ನೋಡುತ್ತಿದ್ದೆ. ಕಿಟಕಿಯಲ್ಲಿ ಅಪ್ಪನ ಮುಖ ಕಾಣುತ್ತಿತ್ತು, ಅವನು ನಮ್ಮ ಆಟ ನೋಡುತ್ತಿದ್ದ. ಒಂದು ಸಲ ನನಗೆ ಕೈ ಕೂಡ ಬೀಸಿದ. ನಾನು ಕಾಣದವಳಂತೆ ಬೇರೆ ಕಡೆ ತಿರುಗಿದೆ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ಹನ್ನೊಂದು ದಿನ ಹೀಗೆ ನಡೆಯಿತು. ಹನ್ನೆರಡನೆಯ ದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಹೆಂಗಸರ ಪ್ರಾರ್ಥನೆ. ಆರೇಳು ಜನ ಸೇರಿದ್ದರು. ಪ್ರಾರ್ಥನೆಯ ನಡುವೆ ಅವ್ವ ಎದ್ದು ಹೋಗಿ ಹೊರಸಿನ ಪಕ್ಕ ಮೊಣಕಾಲೂರಿದಳು. "ಸ್ವಾಮಿ, ನನ್ನ ಗಂಡ ನಿನ್ನ ಪುಸ್ತಕ ಹರದಾರ. ತಿಳೀದ ಮಾಡ್ಯಾರ. ನೀ ಅವರಿಗೆ ಕ್ಷಮಾ ಮಾಡು, ನಾನೂ ಮಾಡೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅತ್ತಳು. ಅಪ್ಪ ಎದೆಯ ಮೇಲೆ ಎರಡೂ ಕೈ ಜೋಡಿಸಿದ. ಮಾಡದ ತಪ್ಪಿಗೆ ಅಷ್ಟು ಜನರ ಮುಂದೆ ಕೈ ಜೋಡಿಸಿ, ಅವಳ ತಲೆಯ ಮೇಲೆ ಕೈ ಇಟ್ಟು, "ಅಳಬ್ಯಾಡ ಬಿಡು" ಎಂದ. ನಾನು ಒಲೆಯ ಕೋಣೆಯ ಬಾಗಿಲಲ್ಲಿ ಹೆಂಗಸರಿಗೆ ಕೊಡಬೇಕಾದ ಚಹಾದ ತಾಟು ಹಿಡಿದು ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಚಹಾ ಹಂಚಿದೆ.

ಮರುದಿನ ಸಂಜೆ ಅಪ್ಪನೇ ನನ್ನನ್ನು ಕರೆದ. "ಪುಸ್ತಕ ತಗೊಂಡ ಬಾ ರೂಪಾ, ನನಗೂ ಓದಿ ಹೇಳು" ಎಂದ. ಅವ್ವನಿಗೆ ಎಷ್ಟು ಸಂತೋಷವಾಯಿತೆಂದರೆ ಮೊರ ಸಮೇತ ಹೊರಸಿನ ಹತ್ತಿರ ಬಂದು ಕೂತಳು. ನಾನು ತೆರೆದಾಗ ಅಪ್ಪ ಸಣ್ಣ ದನಿಯಲ್ಲಿ, "ಇದ್ದದ್ದ ಓದವಾ" ಎಂದ. ಅಂದಿನಿಂದ ನಾನು ಇದ್ದದ್ದನ್ನೇ ಓದಿದೆ. ಅಳುವವರ ಪುಟ ಬಂದರೆ ಅವ್ವನ ಕೈ ನಿಲ್ಲುತ್ತಿತ್ತು, ಮತ್ತೆ ಓಡುವ ತನಕ ನಾನು ಕಾಯುತ್ತಿದ್ದೆ. ಹೊರಗೆ ನನ್ನ ಹೆಸರು ಕೂಗುವುದನ್ನು ಗೆಳತಿಯರು ಬಿಟ್ಟರು. ಆಶ್ಚರ್ಯವೆಂದರೆ, ನಾನು ಅಷ್ಟು ಹೆದರಿ ಹಾರಿಸುತ್ತಿದ್ದ ಪುಟಗಳೇ ಅಪ್ಪನಿಗೆ ಹಿಡಿಸಿದವು. "ಇವರೂ ನನ್ನಂಗ ಬಿದ್ದವರ ಅದಾರಲ್ಲ" ಎನ್ನುತ್ತಿದ್ದ. ಕಷ್ಟದವರ ದನಿಯಲ್ಲಿ ತನ್ನ ದನಿ ಕೇಳಿದಂತಾಗಿ ಅವನಿಗೆ ಸಮಾಧಾನ ಸಿಕ್ಕಿತು, ನಾನು ಹೊಲಿದ ಸಿಹಿ ಮಾತಿನಿಂದಲ್ಲ. ಗೋಡೆಯ ಕಡೆ ತಿರುಗಿ ಮಲಗುವುದನ್ನು ಬಿಟ್ಟ. ಪಾಸ್ಟರ್ ಬಂದಾಗ ತಾನಾಗಿಯೇ, ನನ್ನ ಸಲುವಾಗಿಯೂ ಯೇಸುಸ್ವಾಮಿಯ ಹತ್ತಿರ ಬೇಡಿಕೊಳ್ಳಿರಿ ಎಂದ. ಯೇಸುವಿನ ಹೆಸರನ್ನು ಅವನ ಬಾಯಲ್ಲಿ ಮೊದಲು ಕೇಳಿದ್ದು ಆಗಲೇ. ನಮ್ಮ ಮನೆಯ ಒಳ್ಳೆಯ ದಿನ ಯಾವುವು ಎಂದು ಯಾರಾದರೂ ಕೇಳಿದರೆ ಆ ನಾಲ್ಕು ತಿಂಗಳು ಎನ್ನುತ್ತೇನೆ. ಆಮೇಲೆ ಬೆನ್ನಿನ ಹುಣ್ಣು ನಂಜಾಗಿ, ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ, ಬಿಸಿಲೇರುವ ಹೊತ್ತಿಗೆ ಅಪ್ಪ ಹೋದ. ಹೊರಗೆ ಒಯ್ಯುವಾಗ ಅವ್ವ ಬಾಗಿಲಲ್ಲಿ ನಿಂತು, "ದಾಟಿದ್ರು ನೋಡ್ರಿ, ಅಲ್ಲಿ ತಮ್ಮ ಕಾಲಿಂದನ ದಾಟಿದ್ರು" ಎಂದಳು. ಆ ಸುಳ್ಳು ಮಾತು ಅಲ್ಲಿಯೂ ಅವಳನ್ನು ಹಿಡಿದು ನಿಲ್ಲಿಸಿತು.

ಮುಂದೆ ನಾನು ಓದಿ ಶಿಕ್ಷಕಿಯಾದೆ, ರಾಯಬಾಗದಲ್ಲಿ ಕೆಲಸ ಸಿಕ್ಕಿತು, ಅವ್ವನನ್ನು ಕರೆದುಕೊಂಡು ಹೋದೆ. ಮಕ್ಕಳಿಗೆ ಕನ್ನಡ ಓದಲು ಕಲಿಸುವುದು ನನ್ನ ಕೆಲಸ, ಇದ್ದದ್ದನ್ನು ಇದ್ದ ಹಾಗೆ ಓದಿರಿ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅವ್ವ ಬೀಡಿ ಬಿಟ್ಟಳು, ಪ್ರಾರ್ಥನೆ ಬಿಡಲಿಲ್ಲ. ಕಷ್ಟದಲ್ಲಿದ್ದ ಹೆಂಗಸರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡನ ಮೇಲೆ ಸಿಟ್ಟಾಗಿ ಬಂದವರಿಗೆಲ್ಲ ಅವಳು ಒಂದೇ ಕಥೆ ಹೇಳುತ್ತಿದ್ದಳು: ತನ್ನ ಗಂಡ ದೇವರ ಪುಸ್ತಕ ಹರಿದದ್ದು, ತಾನು ಹನ್ನೊಂದು ದಿನ ಮಾತು ಬಿಟ್ಟದ್ದು, ಕೊನೆಗೆ ಕ್ಷಮಿಸಿದ್ದು, ಆಗ ಮನೆಗೆ ಶಾಂತಿ ಬಂದದ್ದು. ಎಷ್ಟೋ ಹೆಂಗಸರು ಅದನ್ನು ಕೇಳಿ ತಣ್ಣಗಾಗಿ ಮನೆಗೆ ಹೋಗಿದ್ದಾರೆ. ನಾನು ಒಳಗೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೇಳಿಸಿಕೊಳ್ಳುತ್ತಿದ್ದೆ. ಅಪ್ಪನನ್ನು ಕಂಡವರೇ ಇಲ್ಲದ ಆ ಊರಿನಲ್ಲಿ ಅವನ ಬಗ್ಗೆ ಜನರಿಗೆ ಗೊತ್ತಿದ್ದುದು ಅದೊಂದೇ. ಅವ್ವ ತೀರಿಕೊಳ್ಳುವ ಹಿಂದಿನ ವರ್ಷ, ಒಬ್ಬಳು ಹೊಸಬಳಿಗೆ ಕಥೆ ಹೇಳಿ ಮುಗಿಸಿ, "ನಮ್ಮವರು ಮನಶ್ಯಾ ಒಳ್ಳ್ಯಾವರ, ಖರೆ ಅವಾಗ ದೇವರ ಅಂಜಿಕಿ ಇರಲಿಲ್ಲ" ಎಂದಳು. ಅದನ್ನು ನನಗೆ ತಡೆಯಲಾಗಲಿಲ್ಲ. ಆ ಹೆಂಗಸು ಹೋದ ಮೇಲೆ ಅವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಮಾತು ಕಟ್ಟಿದ್ದು, ಹಾಳೆ ಹರಿದದ್ದು, ಸುಟ್ಟದ್ದು, ಅಪ್ಪನ ಮೇಲೆ ಹಾಕಿದ್ದು.

ಅವ್ವ ಮೊದಲು ನನ್ನ ಗಲ್ಲ ಸವರಿದಳು. "ಸಣ್ಣಾಕಿ ಇದ್ದಿ, ಬಿಡು" ಎಂದಳು. ಅಷ್ಟೇ, ನನ್ನ ಕ್ಷಮೆಗೆ ಅವಳಿಗೆ ಒಂದು ಉಸಿರೂ ಬೇಕಾಗಲಿಲ್ಲ. ಆ ಮಾತು ಪುಸ್ತಕದಲ್ಲಿ ಇಲ್ಲವೇ ಇಲ್ಲ ಅವ್ವ ಎಂದರೆ, "ಪುಸ್ತಕದಾಗ ಇರಲಿಕ್ಕಿಲ್ಲ. ನಿನ್ನ ಬಾಯಾಗ ಅದನ್ನ ಯಾರ ಇಟ್ರು ಅಂತ ನಿನಗೇನ ಗೊತ್ತು?" ಎಂದಳು. ಅವಳ ನಂಬಿಕೆಗೆ ನನ್ನಿಂದ ಏನೂ ಆಗುವಂತಿರಲಿಲ್ಲ. ನನಗೆ ಹಗುರಾಯಿತು, ಎಷ್ಟು ಹಗುರಾಯಿತೆಂದರೆ ಎದ್ದು ಚಹಾಕ್ಕೆ ಇಡಲು ಹೋದೆ. ಚಹಾ ತಂದಾಗ ಅವಳು ಗೋಡೆಗೆ ಒರಗಿ ಸಣ್ಣ ದನಿಯಲ್ಲಿ ಏನೋ ಎಣಿಸುತ್ತಿದ್ದಳು. "ಹನ್ನೊಂದ ದಿನ" ಎಂದಳು. "ಅವರ ಹತ್ರ ಇದ್ದದ್ದ ನಾಕ ತಿಂಗಳು, ಅದಕ್ಕೂ ಮೊದಲ ಹನ್ನೊಂದ ದಿನ ನಾ ಬಾಯಿ ಮುಚ್ಚಿಕೊಂಡ ಕುಂತೆ. ಏನೂ ಮಾಡದವರಿಗೆ ಕ್ಷಮಾ ಮಾಡೀನಿ ಅಂತ ಊರ ತುಂಬ ಹೇಳಿದೆ." ಚಹಾ ಆರಿತು. ನನ್ನ ಭಾರವನ್ನು ನಾನು ಇಳಿಸಲಿಲ್ಲ, ಅವಳ ಮೇಲೆ ಹೊರಿಸಿದೆ ಎಂದು ನನಗೆ ಆಗ ತಿಳಿಯಿತು.

ಆ ಭಾನುವಾರ ನಿಪ್ಪಾಣಿಗೆ ಹೋಗಬೇಕು ಎಂದು ಹಟ ಹಿಡಿದಳು. ಮುಂಜಾನೆಯ ಬಸ್ಸು ಹಿಡಿದು, ಚಿಕ್ಕೋಡಿಯಲ್ಲಿ ಬದಲಿಸಿ ಹೋದೆವು. ಪತ್ರಾ ಶೆಡ್ಡು ಹೋಗಿ ಸಿಮೆಂಟಿನ ಹಾಲ್ ಆಗಿತ್ತು, ಚಾಪೆಯ ಬದಲು ಕುರ್ಚಿ. ಹಳೆಯ ಪಾಸ್ಟರ್ ತೀರಿಹೋಗಿದ್ದರು, ಹೊಸಬರು ಮೊಬೈಲಿನಲ್ಲಿ ನೋಡಿ ಓದುತ್ತಿದ್ದರು. ಅಪ್ಪನನ್ನು ಬಲ್ಲವರೆಂದರೆ ಬಾಗಿಲ ಬಳಿ ಕೂತಿದ್ದ ಸುಶೀಲಾ ಮಾವಶಿ, ಇನ್ನೊಬ್ಬಳು ಮುದುಕಿ. ಸಾಕ್ಷಿ ಹೇಳುವ ಹೊತ್ತು ಬಂದಾಗ ಅವ್ವ ಮುಂದಿನ ಕುರ್ಚಿ ಹಿಡಿದುಕೊಂಡು ಎದ್ದು ನಿಂತಳು. "ನನ್ನ ಗಂಡ ದೇವರ ಪುಸ್ತಕ ಹರದಾರ ಅಂತ ನಾ ಇಲ್ಲೀ ಮಂದಿ ಮುಂದ ಹೇಳಿದ್ದೆ. ಅವರು ಹರದಿಲ್ಲ. ಅವರ ಮ್ಯಾಲ ಸಿಟ್ಟ ಮಾಡಿ ಹನ್ನೊಂದ ದಿನ ಮಾತ ಬಿಟ್ಟಿದ್ದೆ. ತಪ್ಪ ನಂದ. ಅದನ್ನ ಕೇಳಿದವರು ಇದನ್ನೂ ಕೇಳ್ರಿ" ಎಂದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹೆಚ್ಚಿನವರಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಹೊಸ ಪಾಸ್ಟರ್ ಮೆಲ್ಲಗೆ, "ಹಂಗಾರ ಯಾರ ಹರದಿದ್ರು ಅವ್ವಾರ?" ಎಂದು ಕೇಳಿದರು.

ನಾನು ಅವಳ ಪಕ್ಕದ ಕುರ್ಚಿಯಲ್ಲಿದ್ದೆ. ಅವ್ವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಎದ್ದು ನಿಲ್ಲುತ್ತಿದ್ದೆ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನನಗೆ ಆಗ ಹನ್ನೊಂದು ವರ್ಷವಲ್ಲ, ಹೊಡೆಯುವವರು ಯಾರೂ ಇರಲಿಲ್ಲ, ಹೇಳಬೇಕಾದದ್ದು ಎರಡೇ ಶಬ್ದ. ಪಾಸ್ಟರ್ ಕಾಯುತ್ತಿದ್ದರು, ಅವ್ವನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ, ಆ ಜಾಗದಲ್ಲಿ ಎಂದೂ ಸುಳ್ಳು ಹೇಳದಿದ್ದ ನನ್ನ ಅವ್ವ, "ಅದ ನನಗ ಗೊತ್ತಿಲ್ಲರಿ" ಎಂದು ಹೇಳಿ ಕೂತಳು. ಹಾಡು ಶುರುವಾಯಿತು. ಹಾಡಿಗೆ ಎಲ್ಲರೂ ಎದ್ದು ನಿಲ್ಲುವುದು ಅಲ್ಲಿಯ ಪದ್ಧತಿ. ಎಲ್ಲರೂ ಎದ್ದರು, ಆಗ ನಾನೂ ಎದ್ದೆ.